ಆಕಾಶಕ್ಕೆ ಕಂಡ ಜೀತ
ಮಾನವ ಕಳ್ಳಸಾಗಣೆಯ ಸಂತ್ರಸ್ತರನ್ನು ಪತ್ತೆ ಮಾಡುವ ತಂತ್ರಜ್ಞಾನ, ಅದರ ಬಲ ಮತ್ತು ಮಿತಿ

ಮಾನವ ಕಳ್ಳಸಾಗಣೆ ಎಂದೊಡನೆ ದೇಶದ ಗಡಿ ದಾಟಿಸುವ ಜಾಲಗಳೇ ಸಾಮಾನ್ಯವಾಗಿ ನೆನಪಾಗುತ್ತವೆ. ಆದರೆ ವಿಶ್ವಸಂಸ್ಥೆ 2000ದಲ್ಲಿ ಅಂಗೀಕರಿಸಿದ, ಭಾರತ 2011ರಲ್ಲಿ ಸ್ಥಿರೀಕರಿಸಿದ ಪಲೆರ್ಮೊ ಒಡಂಬಡಿಕೆಯ ವ್ಯಾಖ್ಯಾನದಲ್ಲಿ ಗಡಿ ದಾಟಿರಬೇಕೆಂಬ ಷರತ್ತಿಲ್ಲ. ಬಲಪ್ರಯೋಗ, ವಂಚನೆ ಅಥವಾ ಅಸಹಾಯಕತೆಯ ದುರುಪಯೋಗದಿಂದ ಒಬ್ಬ ವ್ಯಕ್ತಿಯನ್ನು ಶೋಷಣೆಗಾಗಿ ಸೇರಿಸಿಕೊಂಡರೆ, ಸಾಗಿಸಿದರೆ ಅಥವಾ ಇರಿಸಿಕೊಂಡರೆ ಅದು ಕಳ್ಳಸಾಗಣೆಯೇ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಾದ್ಯಂತ 2.76 ಕೋಟಿ ಜನ ಬಲವಂತದ ದುಡಿಮೆಯಲ್ಲಿದ್ದರು. ಸಂತ್ರಸ್ತರನ್ನು ಊರು, ಭಾಷೆ ಮತ್ತು ಬಂಧುಬಳಗದಿಂದ ಬೇರ್ಪಡಿಸಿ, ಅವರನ್ನು ಗುರುತಿಸಬಲ್ಲ ಯಾರೂ ಇಲ್ಲದ ಕಡೆ ಇರಿಸುವುದರಿಂದಲೇ ಈ ಅಪರಾಧ ಉಳಿದು ಬೆಳೆಯುತ್ತದೆ. ಹಾಗಾಗಿ ನೆರವಿಗೆ ಮೊದಲು ಪತ್ತೆಯ ಪ್ರಶ್ನೆ ಎದುರಾಗುತ್ತದೆ, ತಂತ್ರಜ್ಞಾನ ಪ್ರವೇಶಿಸಿರುವುದೂ ಅಲ್ಲಿಯೇ.

ಗೂಡುಗಳ ಎಣಿಕೆ

ಈ ಪ್ರಯತ್ನಗಳಲ್ಲಿ ದಕ್ಷಿಣ ಏಷ್ಯಾಕ್ಕೆ ಅತ್ಯಂತ ಹತ್ತಿರವಾದದ್ದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ರೈಟ್ಸ್ ಲ್ಯಾಬ್ ಕೈಗೊಂಡ ಇಟ್ಟಿಗೆ ಗೂಡುಗಳ ಅಧ್ಯಯನ. ಪಾಕಿಸ್ತಾನದಿಂದ ಉತ್ತರ ಭಾರತ ಮತ್ತು ನೇಪಾಳದ ಮೂಲಕ ಬಾಂಗ್ಲಾದೇಶದವರೆಗೆ ಹಬ್ಬಿರುವ, ಸುಮಾರು 15.5 ಲಕ್ಷ ಚದರ ಕಿಲೋಮೀಟರ್ ವಿಸ್ತಾರದ ‘ಇಟ್ಟಿಗೆ ಪಟ್ಟಿ’ಯಲ್ಲಿ ಗೂಡುಗಳು ಎಷ್ಟಿವೆ ಎಂಬುದಕ್ಕೆ ಪೂರ್ಣ ದಾಖಲೆ ಇರಲಿಲ್ಲ. ನಡುವೆ ಚಿಮಣಿಯಿರುವ ಅಂಡಾಕಾರದ ಗೂಡು ಮೇಲಿನಿಂದ ಸುಲಭವಾಗಿ ಗುರುತಿಗೆ ಸಿಗುವುದರಿಂದ, ಸಂಶೋಧಕರು ಸ್ವಯಂಸೇವಕರ ನೆರವಿನೊಂದಿಗೆ ಉಪಗ್ರಹ ಚಿತ್ರಗಳ ಮಾದರಿ ಚೌಕಗಳಲ್ಲಿ ಗೂಡುಗಳನ್ನು ಎಣಿಸಿದರು. ಅದರ ಆಧಾರದ ಮೇಲೆ ಇಡೀ ಪಟ್ಟಿಯಲ್ಲಿ 55,387 ಗೂಡುಗಳಿವೆ ಎಂಬ ಅಂದಾಜನ್ನು 2018ರಲ್ಲಿ ಪ್ರಕಟಿಸಿದರು.

ಗೂಡು ಕಂಡ ಮಾತ್ರಕ್ಕೆ ಜೀತ ಕಂಡಂತಾಗುವುದಿಲ್ಲ. ಮಳೆಗಾಲ ಮುಗಿದ ಮೇಲೆ ಮೇಸ್ತ್ರಿಯಿಂದ ಮುಂಗಡ ಪಡೆದು ಮಕ್ಕಳೊಂದಿಗೆ ಗೂಡಿಗೆ ಬರುವ ಕುಟುಂಬಕ್ಕೆ ಸಾವಿರ ಇಟ್ಟಿಗೆಗೆ ಇಂತಿಷ್ಟು ಎಂದು ಕೂಲಿ ಗೊತ್ತಾಗುತ್ತದೆ. ಆ ಕೂಲಿಯಲ್ಲಿ ಮುಂಗಡದ ಸಾಲ ತೀರದೆ, ಬಿಟ್ಟು ಹೋಗುವ ಸ್ವಾತಂತ್ರ್ಯವೂ ಇಲ್ಲದಾದಾಗ ಆ ದುಡಿಮೆ ಜೀತವಾಗುತ್ತದೆ. ಸಾಲದ ಲೆಕ್ಕ ಮಾಲೀಕನ ಪುಸ್ತಕದಲ್ಲಿ ಇರುತ್ತದೆಯೇ ಹೊರತು ಉಪಗ್ರಹದ ಚಿತ್ರದಲ್ಲಿ ಮೂಡುವುದಿಲ್ಲ. ಇದಲ್ಲದೆ, ಕರ್ನಾಟಕವೂ ಸೇರಿದಂತೆ ದಕ್ಷಿಣದ ರಾಜ್ಯಗಳಲ್ಲಿ ಹಸಿ ಇಟ್ಟಿಗೆಯನ್ನೇ ಒಟ್ಟಿ ಸುಡುವ ತಾತ್ಕಾಲಿಕ ಭಟ್ಟಿಗಳು ಹೆಚ್ಚಾಗಿರುವುದರಿಂದ, ಸುಟ್ಟು ಮುಗಿದೊಡನೆ ಕರಗಿಹೋಗುವ ಆ ರಾಶಿಗಳನ್ನು ಅಂಡಾಕಾರದ ಗೂಡಿಗಾಗಿ ಹುಡುಕುವ ಕಣ್ಣು ಗುರುತಿಸಲಾರದು. ಇಷ್ಟಾದರೂ ತಪಾಸಣೆ ಎಲ್ಲಿಂದ ಆರಂಭವಾಗಬೇಕು ಎಂಬುದನ್ನು ಹೇಳಬಲ್ಲ ನಕ್ಷೆ ಸಣ್ಣ ಸಾಧನೆಯಲ್ಲ. ಗೂಡುಗಳ ಪಟ್ಟಿಯೇ ತಮ್ಮಲ್ಲಿಲ್ಲ ಎಂದು ಹೇಳುವ ಅವಕಾಶ ಆಡಳಿತಕ್ಕೆ ಅಲ್ಲಿಗೆ ತಪ್ಪಿಹೋಗುತ್ತದೆ.

ಹಡಗಿನ ಸಂಕೇತ, ಕೋಣೆಯ ಪರದೆ

ನೆಲದ ಮೇಲೆ ಗೂಡಿನ ಆಕಾರ ಸುಳಿವು ನೀಡಿದರೆ, ಸಮುದ್ರದಲ್ಲಿ ಹಡಗಿನ ನಡವಳಿಕೆ ಸುಳಿವು ನೀಡುತ್ತದೆ. ಡಿಕ್ಕಿ ತಪ್ಪಿಸಲೆಂದು ಹಡಗುಗಳು ತಮ್ಮ ಸ್ಥಾನವನ್ನು ರೇಡಿಯೊ ಸಂಕೇತದ ಮೂಲಕ ನಿರಂತರವಾಗಿ ಬಿತ್ತರಿಸುತ್ತವೆ. ಈ ದತ್ತಾಂಶವನ್ನು ಬಳಸಿ 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಸುಮಾರು 16,000 ಮೀನುಗಾರಿಕಾ ಹಡಗುಗಳನ್ನು ಪರಿಶೀಲಿಸಿ, ತಿಂಗಳುಗಟ್ಟಲೆ ಬಂದರಿನಿಂದ ದೂರ ಉಳಿಯುವುದು, ದಿನದ ಬಹುಪಾಲು ಮೀನು ಹಿಡಿಯುತ್ತಲೇ ಇರುವುದು ಮುಂತಾದ ಲಕ್ಷಣಗಳ ಆಧಾರದ ಮೇಲೆ ಶೇ 14ರಿಂದ 26ರಷ್ಟು ಹಡಗುಗಳಲ್ಲಿ ಬಲವಂತದ ದುಡಿಮೆಯ ಅಪಾಯ ಹೆಚ್ಚೆಂದು ಅಂದಾಜಿಸಿತು.

ಲೈಂಗಿಕ ಶೋಷಣೆಯ ಪ್ರಕರಣಗಳಲ್ಲಿ ಸುಳಿವು ಇನ್ನೂ ಸೂಕ್ಷ್ಮವಾದದ್ದು. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ರೂಪುಗೊಂಡು 2016ರಲ್ಲಿ ಬಳಕೆಗೆ ಬಂದ ‘ಟ್ರಾಫಿಕ್‌ಕ್ಯಾಮ್’ ಎಂಬ ಆ್ಯಪ್ ಮೂಲಕ ಸಾಮಾನ್ಯ ಪ್ರಯಾಣಿಕರು ತಾವು ತಂಗಿದ ಹೋಟೆಲ್ ಕೋಣೆಯ ಚಿತ್ರಗಳನ್ನು ಕಳುಹಿಸುತ್ತಾರೆ. ಸಂತ್ರಸ್ತೆಯ ಚಿತ್ರವಿರುವ ಜಾಹೀರಾತು ತನಿಖಾಧಿಕಾರಿಗಳಿಗೆ ಸಿಕ್ಕಾಗ, ವ್ಯಕ್ತಿಯ ಭಾಗವನ್ನು ಮರೆಮಾಡಿ, ಹಿಂದೆ ಕಾಣುವ ಪರದೆ, ನೆಲಹಾಸು, ಮಂಚದ ತಲೆಭಾಗ ಮುಂತಾದವನ್ನು ಆ ಸಂಗ್ರಹದೊಂದಿಗೆ ಹೋಲಿಸಿ ಹೋಟೆಲನ್ನು ಗುರುತಿಸಲು ಯತ್ನಿಸಲಾಗುತ್ತದೆ. ಸಂತ್ರಸ್ತೆಯ ಮುಖವನ್ನು ಬಿಟ್ಟು ಸ್ಥಳವನ್ನು ಹುಡುಕುವ ಈ ವಿಧಾನದಲ್ಲಿ ಆಕೆಯ ಘನತೆಯ ಕಾಳಜಿಯೂ ಸೇರಿದೆ.

ಮುಖದ ಹೋಲಿಕೆಯ ಅಪಾಯ

ಮುಖವನ್ನೇ ಹುಡುಕುವ ವಿಧಾನ ಹೆಚ್ಚಿನ ಎಚ್ಚರಿಕೆ ಬೇಡುತ್ತದೆ. ದೆಹಲಿ ಪೊಲೀಸರು 2018ರ ಏಪ್ರಿಲ್‌ನಲ್ಲಿ ಬಾಲಮಂದಿರಗಳಲ್ಲಿದ್ದ ಸುಮಾರು 45,000 ಮಕ್ಕಳ ಚಿತ್ರಗಳನ್ನು ಮುಖ ಗುರುತಿಸುವ ತಂತ್ರಾಂಶದಿಂದ ಕಾಣೆಯಾದ ಮಕ್ಕಳ ದಾಖಲೆಗಳೊಂದಿಗೆ ಹೋಲಿಸಿದಾಗ, ನಾಲ್ಕೇ ದಿನಗಳಲ್ಲಿ 2,930 ಮಕ್ಕಳ ಗುರುತು ಸಿಕ್ಕಿತೆಂಬ ವರದಿ ದೇಶದಾದ್ಯಂತ ಭರವಸೆ ಮೂಡಿಸಿತ್ತು. ಆದರೆ ಅದೇ ತಂತ್ರಾಂಶದ ನಿಖರತೆ ಶೇ 2ರಷ್ಟು ಮಾತ್ರ ಎಂಬ ಮಾತು ಕೆಲವೇ ತಿಂಗಳಲ್ಲಿ ದೆಹಲಿ ಹೈಕೋರ್ಟಿನ ಮುಂದೆ ಬಂತು. ಮರುವರ್ಷ ಅದು ಶೇ 1ಕ್ಕಿಂತ ಕಡಿಮೆ ಎಂದು ಕೇಂದ್ರ ಸಚಿವಾಲಯವೇ ತಿಳಿಸಿತು. ಬೆಳೆಯುವ ಮಗುವಿನ ಮುಖ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಹಳೆಯ ಚಿತ್ರದೊಂದಿಗೆ ಹೋಲಿಕೆ ಸುಲಭವಲ್ಲ, ತಪ್ಪು ಹೋಲಿಕೆಯ ನೋವನ್ನು ಅನುಭವಿಸುವವರು ಕಾಯುತ್ತಿರುವ ತಾಯಿ ತಂದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ 2017ರಲ್ಲಿ ಸುಪ್ರೀಂ ಕೋರ್ಟ್ ಮೂಲಭೂತ ಹಕ್ಕೆಂದು ಎತ್ತಿಹಿಡಿದ ಖಾಸಗಿತನ, ಬಾಲಮಂದಿರದ ಮಗುವಿಗೂ ಸಲ್ಲಬೇಕಾದದ್ದು.

ಪತ್ತೆಯ ನಂತರ

ತಂತ್ರಜ್ಞಾನದ ಸಾರ್ಥಕತೆ ನಿರ್ಧಾರವಾಗುವುದು ಪತ್ತೆಯ ನಂತರದ ಹೆಜ್ಜೆಗಳಲ್ಲಿ. ಜೀತ ಪದ್ಧತಿ ರದ್ದತಿ ಕಾಯ್ದೆ 1976ರಲ್ಲೇ ಬಂದಿದೆ. 2016ರ ಕೇಂದ್ರ ಯೋಜನೆಯ ಪ್ರಕಾರ ಜೀತಮುಕ್ತ ಪುರುಷರಿಗೆ 1 ಲಕ್ಷ, ಮಹಿಳೆಯರು ಮತ್ತು ಮಕ್ಕಳಿಗೆ 2 ಲಕ್ಷ, ಕಳ್ಳಸಾಗಣೆಯಂಥ ತೀವ್ರ ಪ್ರಕರಣಗಳಲ್ಲಿ 3 ಲಕ್ಷ ರೂಪಾಯಿ ಪುನರ್ವಸತಿ ನೆರವು ಸಿಗಬೇಕು. ಆದರೆ ಆ ದಾರಿ ತೆರೆಯುವುದು, ವ್ಯಕ್ತಿ ಜೀತದಲ್ಲಿದ್ದು ಈಗ ಮುಕ್ತನಾಗಿದ್ದಾನೆ ಎಂದು ಆಡಳಿತ ದೃಢಪಡಿಸುವ ಬಿಡುಗಡೆ ಪತ್ರದಿಂದ. ಪೂರ್ಣ ಮೊತ್ತವಂತೂ ಅಪರಾಧ ಸಾಬೀತಾಗುವುದಕ್ಕೆ ತಳುಕು ಹಾಕಿಕೊಂಡಿರುವುದರಿಂದ, ಮೊಕದ್ದಮೆ ಎಳೆದಷ್ಟೂ ನೆರವು ದೂರ ಸರಿಯುತ್ತದೆ. ಪತ್ರವೂ ಹಣವೂ ಸಿಗದೆ ಊರಿಗೆ ಮರಳಿದ ಕುಟುಂಬದ ಮುಂದೆ ಮರುವರ್ಷ ಅದೇ ಮೇಸ್ತ್ರಿಯ ಮುಂಗಡ ಬಂದು ನಿಂತಾಗ, ಅದನ್ನು ನಿರಾಕರಿಸುವ ಶಕ್ತಿ ಆ ಕುಟುಂಬಕ್ಕೆ ಎಲ್ಲಿಂದ ಬರಬೇಕು?

ಆದ್ದರಿಂದ ನಕ್ಷೆಯ ಮೇಲಿನ ಪ್ರತಿಯೊಂದು ಗುರುತಿಗೂ ಉತ್ತರ ಕೊಡಬೇಕಾದ ಒಬ್ಬ ಅಧಿಕಾರಿ, ತಪಾಸಣೆಗೆ ಒಂದು ಗಡುವು, ಮತ್ತು ಸಂತ್ರಸ್ತರ ಭಾಷೆ ಬಲ್ಲ ಒಬ್ಬ ಕಾರ್ಯಕರ್ತ ಇರಲೇಬೇಕು. ಒಡಿಶಾದ ಕುಟುಂಬವೊಂದು ಬೆಂಗಳೂರಿನ ಸುತ್ತಲಿನ ಗೂಡಿನಲ್ಲಿ ಸಿಲುಕಿದ್ದರೆ, ಅದರ ಸಂಕಟವನ್ನು ಒಡಿಯಾದಲ್ಲಿ ಕೇಳಿಸಿಕೊಳ್ಳುವವರಿಲ್ಲದೆ ತಪಾಸಣೆ ಪೂರ್ಣವಾಗದು. ಎಷ್ಟು ಚಿತ್ರಗಳನ್ನು ವಿಶ್ಲೇಷಿಸಲಾಯಿತು, ಎಷ್ಟು ಮುಖಗಳನ್ನು ಹೋಲಿಸಲಾಯಿತು ಎಂಬ ಲೆಕ್ಕವನ್ನು ಯಂತ್ರಗಳೇ ಇಡಬಲ್ಲವು. ಎಷ್ಟು ಬಿಡುಗಡೆ ಪತ್ರಗಳು ವಿತರಣೆಯಾದವು, ಎಷ್ಟು ಕುಟುಂಬಗಳು ಮತ್ತೆ ಮುಂಗಡಕ್ಕೆ ಕೈಯೊಡ್ಡದೆ ಬದುಕುತ್ತಿವೆ ಎಂಬ ಲೆಕ್ಕವನ್ನು ಸರ್ಕಾರಗಳು ಪ್ರತಿವರ್ಷ ಸಾರ್ವಜನಿಕರ ಮುಂದಿಡಬೇಕು. ಈ ತಂತ್ರಜ್ಞಾನಗಳ ಯಶಸ್ಸನ್ನು ಅಳೆಯಬೇಕಾದದ್ದು ಆ ಲೆಕ್ಕದಿಂದಲೇ.