ಒಂದುಗಳ ಹಾರವೂ ನಮ್ಮ ಶಾಲೆಗಳೂ

ರಬಕವಿ-ಬನಹಟ್ಟಿಯ ನೇಕಾರನೊಬ್ಬನು ಎಳೆಗಳನ್ನು ಸಮನಾದ ಗುಂಪುಗಳಾಗಿ ವಿಂಗಡಿಸಲು ಕುಳಿತನೆನ್ನೋಣ. ಎಳೆಗಳು 24 ಇದ್ದರೆ ಆರಾರರಂತೆಯೋ ಎಂಟೆಂಟರಂತೆಯೋ ಹಂಚಬಹುದು. 23 ಇದ್ದರೆ ಎಷ್ಟು ಜಾಣತನ ಮಾಡಿದರೂ ಎಳೆಗಳು ಮಿಕ್ಕೇ ಮಿಗುವವು. ಒಂದರಿಂದಲೂ ತನ್ನಿಂದಲೂ ಹೊರತು ಬೇರಾವದರಿಂದಲೂ ನಿಶ್ಶೇಷವಾಗಿ ಭಾಗಿಸಲು ಬಾರದ ಇಂಥ ಸಂಖ್ಯೆಗೆ ಅವಿಭಾಜ್ಯವೆಂದು ಹೆಸರು. ನೇಕಾರನಿಗೆ ತೊಡಕಾದ ಈ ಗುಣವೇ ಇಂದು ಹಣದ ವ್ಯವಹಾರಕ್ಕೆ ಬೀಗವಾಗಿರುವದು. ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸುವದು ಸುಲಭ. ಗುಣಲಬ್ಧದಿಂದ ಅವನ್ನು ಮರಳಿ ಬೇರ್ಪಡಿಸುವದು ಅತಿ ಕಠಿಣ.

ಇಂಥ ವಿದ್ಯೆಯೆಲ್ಲ ಪರದೇಶದ್ದು, ಕನ್ನಡಕ್ಕೆ ಒಗ್ಗತಕ್ಕದ್ದಲ್ಲ ಎಂದು ನಮ್ಮ ಕಲಿತವರೇ ಆಡುವದುಂಟು. ಅವರಿಗೆ ನಾವು ಹೇಳುವದಿಷ್ಟೆ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನು ಮಾನ್ಯಖೇಟದಿಂದ ಆಳುತ್ತಿದ್ದಾಗ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದನು. ಉತ್ತರವೇ ಕೊರಳ ಹಾರದಂತೆ ಕಾಣುವ ಲೆಕ್ಕಗಳು ಅದರಲ್ಲಿವೆ. 152207ನ್ನು 73ರಿಂದ ಗುಣಿಸಿರಿ. ಎಂಟು ಒಂದುಗಳು, ಅಂದರೆ 11111111, ಸಾಲಾಗಿ ನಿಲ್ಲುವವು. ಹನ್ನೆರಡನೆಯ ಶತಮಾನದ ರಾಜಾದಿತ್ಯನಂತೂ ವ್ಯವಹಾರಗಣಿತವನ್ನು ಕನ್ನಡದಲ್ಲಿಯೇ ಬರೆದನು.

ಎಂಟನ್ನು ನಾಲ್ಕು ನಾಲ್ಕಾಗಿ ಹಂಚಬಹುದಾದುದರಿಂದ ಎಂಟು ಒಂದುಗಳ ಹಾರವು 1111ರಿಂದ ಭಾಗವಾಗುವದು. ಆದುದರಿಂದ ಒಂದುಗಳ ಎಣಿಕೆಯು ಅವಿಭಾಜ್ಯವಾಗದ ಹೊರತು ಹಾರವು ಅವಿಭಾಜ್ಯವಾಗದು. ಆದರೆ ಅಷ್ಟೇ ಸಾಲದು. ಏಳು ಒಂದುಗಳ ಸಂಖ್ಯೆಯು 239 ಮತ್ತು 4649ರ ಗುಣಲಬ್ಧವಾಗಿದೆ. 11ರ ತರುವಾಯ ಒಡೆಯದ ಹಾರವು 19 ಒಂದುಗಳದು. ಅನಂತರ 23, 317, 1031 ಒಂದುಗಳವು. 86,453 ಒಂದುಗಳ ಸಂಖ್ಯೆಯು ಅವಿಭಾಜ್ಯವೆಂಬುದು 2023ರಲ್ಲಿ ಗಣಕಯಂತ್ರದ ನೆರವಿನಿಂದ ಸಿದ್ಧವಾಯಿತು. ಇಂಥ ಹಾರಗಳಿಗೆ ಕೊನೆಯುಂಟೋ ಇಲ್ಲವೋ ಎಂಬುದನ್ನು ಜಗತ್ತಿನಲ್ಲಿ ಇನ್ನೂ ಯಾರೂ ಸಾಧಿಸಿಲ್ಲ.

ಹಾರವನ್ನು ಪೋಣಿಸಿದವನು ನಮ್ಮವನು. ಯಾವ ಹಾರ ಒಡೆಯದೆಂದು ಕಂಡುಕೊಂಡವರು ಹೊರನಾಡಿನವರು. ಹಿಂದಿನವರ ಕೀರ್ತಿಯನ್ನು ಹೇಳಿಕೊಳ್ಳುವದೇ ನಾಡಸೇವೆಯೆಂದು ತಿಳಿದವರು ಈ ಮಾತನ್ನು ಮನನ ಮಾಡತಕ್ಕದ್ದು. ಭಾರತೀಯರಿಗೆ ಶಕ್ತಿಯಿಲ್ಲವೆಂದಲ್ಲ. 2002ರಲ್ಲಿ ಕಾನಪುರದ ಅಗ್ರವಾಲ, ಕಯಾಲ, ಸಕ್ಸೇನಾ ಎಂಬ ಮೂವರು ಯಾವ ಸಂಖ್ಯೆಯಾದರೂ ಅವಿಭಾಜ್ಯವೋ ಅಲ್ಲವೋ ಎಂಬುದನ್ನು ಶೀಘ್ರವಾಗಿಯೂ ನಿಸ್ಸಂಶಯವಾಗಿಯೂ ನಿರ್ಣಯಿಸುವ ಕ್ರಮವನ್ನು ಲೋಕಕ್ಕೆ ಕೊಟ್ಟರು. ಅವರಲ್ಲಿ ಇಬ್ಬರು ಆಗ ವಿದ್ಯಾರ್ಥಿಗಳು.

ಆದುದರಿಂದ ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿಯೂ ರನ್ನನು ಹುಟ್ಟಿದ ಮುಧೋಳದಲ್ಲಿಯೂ ಕನ್ನಡ ಶಾಲೆಗಳ ಮಕ್ಕಳಿಗೆ ಈ ಹಾರದ ಲೆಕ್ಕವನ್ನು ಕನ್ನಡದಲ್ಲಿಯೇ ಕಲಿಸಬೇಕೆಂದು ಶಿಕ್ಷಣಾಧಿಕಾರಿಗಳನ್ನೂ ಪಾಲಕರನ್ನೂ ನಾವು ಕೇಳಿಕೊಳ್ಳುವೆವು. ಇದಕ್ಕೆ ಹಲಗೆ-ಬಳಪಗಳ ಹೊರತು ವೆಚ್ಚವಿಲ್ಲ. ಬಾಯಿಪಾಠದ ಸೂತ್ರಕ್ಕೆ ಅಂಜುವ ಹುಡುಗನು ಎಂಟು ಒಂದುಗಳನ್ನು ತನ್ನ ಕೈಯಾರೆ ಸಾಲಿಗೆ ನಿಲ್ಲಿಸಿದ ಮೇಲೆ, ಒಂಬತ್ತಾದರೆ ಹೇಗೆಂದು ತಾನೇ ಕೇಳುವನು. ಆ ಪ್ರಶ್ನೆಯನ್ನು ಗದರಿಸಿ ಅಡಗಿಸದ ಗುರುಗಳು ನಮ್ಮ ಊರುಗಳಿಗೆ ಬೇಕಾಗಿದ್ದಾರೆ.