ಶರಾವತಿ ಹಿನ್ನೀರಿನಲ್ಲಿ ಒಂದು ಮಳೆಯ ದಿನ

ನಮ್ಮದು ಚಳ್ಳಕೆರೆ ಸೀಮೆ. ವರ್ಷಕ್ಕೆ 500 ಮಿಲಿಮೀಟರ್ ಮಳೆ ಆಯಿತೆಂದರೆ ಅದೇ ದೊಡ್ಡ ಮಳೆ. 2018ರ ಆಗಸ್ಟಿನಲ್ಲಿ ಶೇಂಗಾ ಬಾಡಿ ನಿಂತಿತ್ತು. ಆಗ ಊರಿನ ಆರು ಜನ ಬಾಡಿಗೆ ಜೀಪು ಮಾಡಿಕೊಂಡು ಸಿಗಂದೂರಿಗೆ ಹೊರಟೆವು. ಹರಕೆ ನಮ್ಮಣ್ಣನದು. ನನಗೆ ಮಳೆ ನೋಡೋ ಆಸೆ.

ಆನಂದಪುರದ ಹತ್ತಿರ ಹಿಡಿದ ಮಳೆ ಸಾಗರ ದಾಟಿದರೂ ಬಿಡಲಿಲ್ಲ. ನಮ್ಮ ಕಡೆ ಮಳೆ ಗುಡುಗಿಕೊಂಡು ಬಂದು ತಾಸಿನಲ್ಲಿ ಮುಗಿಯುತ್ತೆ. ಇಲ್ಲಿ ಒಂದೇ ಸಮ ಸುರೀತಾನೇ ಇರುತ್ತೆ. ಗುಡ್ಡಗಳ ತಲೆ ಮೋಡದೊಳಗೆ, ಕಾಲಬುಡದಲ್ಲಿ ಅಡಿಕೆ ತೋಟ.

ದಾರೀಲಿ ಒಂದು ವಿಷಯ ಗಮನಿಸಿದೆ. ರಸ್ತೆಗಾಗಿ ಕಡಿದ ಧರೆಯಿಂದ ಇಳಿಯುವ ನೀರು ಕೆಂಪು, ರಾಗಿ ಅಂಬಲಿ ಹಾಗೆ ಗಟ್ಟಿ. ಅಲ್ಲೇ ಪಕ್ಕದ ಸೊಪ್ಪಿನ ಬೆಟ್ಟದಿಂದ ಬರುವ ನೀರು ತಿಳಿ. ಬಿದ್ದದ್ದು ಒಂದೇ ಮಳೆ. ತರಗೆಲೆ ಹೊದಿಕೆ ಇದ್ದಲ್ಲಿ ಮಣ್ಣು ಕದಲಿಲ್ಲ. ನಮ್ಮ ಬೋಳು ಹೊಲದಲ್ಲಿ ಇದರ ಕಾಲು ಭಾಗ ಮಳೆ ಬಿದ್ದರೂ ಮೇಲ್ಮಣ್ಣು ಹಳ್ಳ ಸೇರುತ್ತೆ.

ಚಹಾ ಅಂಗಡಿಯಲ್ಲಿ ಒಬ್ಬ ತೋಟದವರು ಸಿಕ್ಕರು. 'ಒಂದು ದಿನ ಹೊಳವಾದರೆ ಸಾಕು ಮಾರಾಯ್ರೆ, ಎರಡನೇ ಸಲ ಔಷಧಿ ಹೊಡೀಬೇಕು' ಅಂದರು. ಕೊಳೆರೋಗಕ್ಕೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರಿಗೆ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಸುಮಾರು 40-45 ದಿನಕ್ಕೆ ಇನ್ನೊಮ್ಮೆ. ತಡವಾದರೆ ಕಾಯಿ ಉದುರುತ್ತೆ. ನಾವು ಮಳೆಗೆ ಹರಕೆ ಹೊರೋರು, ಅವರು ಬಿಸಿಲಿಗೆ!

ಹೊಳೆಬಾಗಿಲಲ್ಲಿ ಲಾಂಚ್ ಹತ್ತಿದೆವು. ಬಸ್ಸು, ಜೀಪು, ಬೈಕು, ಜನ ಎಲ್ಲಾ ಒಂದೇ ಹಲಗೆ ಮೇಲೆ. ಸುತ್ತ ಬೂದು ನೀರು, ನಡುವೆ ನಡುಗಡ್ಡೆಗಳು. ನೋಡೋಕೆ ಚಂದವೇ. ಪಕ್ಕದಲ್ಲಿ ಕಂಬಳಿಕೊಪ್ಪೆ ಹೊದ್ದಿದ್ದ ಅಜ್ಜ ಒಬ್ಬರು, 'ಅದು ನಡುಗಡ್ಡೆ ಅಲ್ಲ, ಗುಡ್ಡದ ನೆತ್ತಿ. ಗದ್ದೆ ಎಲ್ಲಾ ಅಡೀಲಿದೆ' ಅಂದರು.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮುಳುಗಿದ ಭೂಮಿ ಅದು. ಅದಕ್ಕಿಂತ ಮೊದಲಿನ ಹಿರೇಭಾಸ್ಕರ ಅಣೆಕಟ್ಟೂ ಒಳಗೇ ಇದೆ. ನೀರು ತೀರಾ ಇಳಿದ ಬೇಸಿಗೆಯಲ್ಲಿ ಕಾಣುತ್ತಂತೆ. ಇಲ್ಲಿಂದ ನೀರು ತಳಕಳಲೆಗೆ ಹೋಗಿ, ಅಲ್ಲಿಂದ ಕೊಳವೆಯಲ್ಲಿ ಇಳಿದು ಶರಾವತಿ ವಿದ್ಯುದಾಗಾರದ 10 ಯಂತ್ರ ತಿರುಗಿಸುತ್ತೆ. ಒಟ್ಟು 1035 ಮೆಗಾವಾಟ್. ಎಷ್ಟೋ ವರ್ಷ ರಾಜ್ಯಕ್ಕೆಲ್ಲ ಬೆಳಕು ಕೊಟ್ಟಿದ್ದು ಈ ಹೊಳೆ. ನಮ್ಮ ಬೋರಿನ ಮೋಟರು ತಿರುಗಿದ್ದರಲ್ಲೂ ಇದರ ಪಾಲಿದೆ.

'ನಿಮಗೆ ಬದಲು ಜಮೀನು ಕೊಟ್ಟರಾ ಅಜ್ಜ?' ಕೇಳಿದೆ. 'ಕಾಡು ತೋರಿಸಿದರು, ಕಡಿದು ಗದ್ದೆ ಮಾಡಿಕೊಂಡ್ವಿ. ಕಾಗದ ಇನ್ನೂ ಬಂದಿಲ್ಲ ತಮ್ಮಾ' ಅಂದರು. ಸಾಲಕ್ಕೆ ಹೋದರೆ ಬ್ಯಾಂಕಿನವರು ಕೇಳೋದು ಅದೇ ಕಾಗದ. ನಮ್ಮ ಬಗರ್‌ಹುಕುಂ ಗೋಳು ಬಲ್ಲ ನನಗೆ ಹೆಚ್ಚು ಬಿಡಿಸಿ ಹೇಳಬೇಕಾಗಲಿಲ್ಲ.

ಆಗ ಕತ್ತಲಾದರೆ ಲಾಂಚ್ ಇರಲಿಲ್ಲ. ತುಮರಿ, ಕರೂರು ಕಡೆಯವರಿಗೆ ರಾತ್ರಿ ಹೆರಿಗೆ ನೋವು ಬಂದರೆ ಸುತ್ತು ದಾರಿಯೇ ಗತಿಯಾಗಿತ್ತು. ರಾಜ್ಯಕ್ಕೆ ಕರೆಂಟು ಕೊಟ್ಟವರಿಗೆ ದಾಟೋಕೊಂದು ಸೇತುವೆ ಸಿಕ್ಕಿದ್ದು 2025ರ ಜುಲೈ 14ಕ್ಕೆ. ಎರಡು ಕಿಲೋಮೀಟರಿಗೂ ಉದ್ದದ ತೂಗು ತಂತಿಯ ಸೇತುವೆ. ಅಜ್ಜ ಅದರ ಮೇಲೆ ಹೋದರೋ ಇಲ್ಲವೋ. ಕಳಸವಳ್ಳಿ ದಡದಲ್ಲಿ ಇಳಿದು, ಕೊಪ್ಪೆ ಸರಿಮಾಡಿಕೊಂಡು, ಮಳೆಯಲ್ಲೇ ನಡೆದು ಹೋಗಿದ್ದರು.