ಕಡಿವಾಣವಿಲ್ಲದ ಬಂಡಿ

ನಾಯಿಯೆಂದರೆ ಮನೆಯ ಕಾವಲಿಗೆಂಬುದೇ ನಮ್ಮಲ್ಲಿ ರೂಢಿ. ಅಮೆರಿಕಾ ಖಂಡದ ವಾಯವ್ಯ ಮೂಲೆಯ ಅಲಾಸ್ಕಾ ಸೀಮೆಯಲ್ಲಾದರೋ ಹಿಮದ ಮೇಲೆ ಜಾರುಬಂಡಿಯನ್ನೆಳೆಯುವುದೂ ಅದೇ. ಈ ಬಂಡಿಗೆ ಕಡಿವಾಣವಿಲ್ಲ. ಸಾರಥಿಯ ಮಾತನ್ನು ಕೇಳಿ ಮುಂದಾಳು ನಾಯಿಯು ದಾರಿಹಿಡಿಯುತ್ತದೆ.

೧೯೨೫ನೆಯ ಇಸವಿಯ ಜನವರಿಯಲ್ಲಿ ಅಲ್ಲಿನ ನೋಮ್ ಪಟ್ಟಣದ ಮಕ್ಕಳಲ್ಲಿ ಗಂಟಲಮಾರಿ ರೋಗವು ತಲೆದೋರಿತು. ಕಡಲು ಹೆಪ್ಪುಗಟ್ಟಿ ಹಡಗುಗಳ ಸಂಚಾರವು ನಿಂತಿದ್ದಿತು. ನೆನಾನಾ ಊರಿನವರೆಗೆ ರೈಲಿನಲ್ಲಿ ಬಂದ ಔಷಧವನ್ನು ಅಲ್ಲಿಂದ ೬೭೪ ಮೈಲಿ ದೂರಕ್ಕೆ ೨೦ ಮಂದಿ ಸಾರಥಿಗಳು ಕೈಯಿಂದ ಕೈಗೆ ದಾಟಿಸುತ್ತ ಸುಮಾರು ಐದೂವರೆ ದಿನಗಳಲ್ಲಿ ತಲುಪಿಸಿದರು. ಟೋಗೊ ಎಂಬ ಮುಂದಾಳುವಿದ್ದ ಸೆಪ್ಪಾಲನ ತಂಡವು ಎಲ್ಲರಿಗಿಂತ ಹೆಚ್ಚಾಗಿ, ೯೧ ಮೈಲಿ, ಅದನ್ನು ಹೊತ್ತಿತು. ಕಡೆಯಲ್ಲಿ ಕಾಸೆನ್ನನಿಗೆ ಹಿಮದ ಬಿರುಗಾಳಿಯಲ್ಲಿ ತನ್ನ ನಾಯಿಗಳೇ ಕಾಣದಾದಾಗ ಬಾಲ್ಟೋ ಎಂಬ ನಾಯಿಯು ದಾರಿತಪ್ಪದೆ ನಡೆಯಿಸಿತು. ಫೆಬ್ರವರಿ ೨ರಂದು ಔಷಧವು ನೋಮನ್ನು ಮುಟ್ಟಿತು.

೧೯೭೩ರಿಂದ ಆಂಕರೇಜ್ ಕಡೆಯಿಂದ ನೋಮ್‌ವರೆಗೆ ಸುಮಾರು ೧೦೦೦ ಮೈಲಿಯ ಇಡಿಟರಾಡ್ ಪಂದ್ಯವು ನಡೆಯುತ್ತಿದೆ. ಮೊದಲ ವರ್ಷ ಗೆದ್ದವನಿಗೆ ಸುಮಾರು ೨೦ ದಿನಗಳು ಹಿಡಿದುವು. ಈಚೆಗೆ ಗೆದ್ದವರಲ್ಲಿ ಅನೇಕರು ೧೦ ದಿನಗಳೊಳಗೇ ಮುಗಿಸಿದ್ದಾರೆ. ಇಂಥ ವೇಗಕ್ಕೆ ಬೆಲೆಯೂ ಉಂಟು. ಓಟದಲ್ಲಿ ನಾಯಿಗಳು ಮಡಿದದ್ದುಂಟು. ಪಂದ್ಯವೇ ಕೂಡದೆನ್ನುವವರೂ ಇದ್ದಾರೆ. ಆದುದರಿಂದಲೇ ದಾರಿಯಲ್ಲಿ ಒಮ್ಮೆ ೨೪ ಗಂಟೆಗಳ ವಿಶ್ರಾಂತಿಯು ಕಡ್ಡಾಯ. ತಂಗುದಾಣಗಳಲ್ಲಿ ಪಶುವೈದ್ಯರ ಪರೀಕ್ಷೆಯೂ ಉಂಟು. ಬಳಲಿದ ನಾಯಿಯನ್ನು ಅಲ್ಲಿಯೇ ಬಿಟ್ಟು ಮುಂದುವರಿಯಬೇಕು.

ಸಾರಥಿಯಾದರೋ ಹಿಮವನ್ನು ಕರಗಿಸಿ, ನಾಯಿಗಳಿಗೆ ಉಣಿಸಿ, ಹುಲ್ಲುಹಾಸಿ, ಅವುಗಳ ಪಾದಗಳನ್ನು ನೋಡಿದ ಬಳಿಕವೇ ತಾನು ಒರಗುವನು. ಕಡಿವಾಣವಿಲ್ಲದ ಕಡೆ ಒಡೆತನಕ್ಕೆ ಸೇವೆಯೇ ಆಧಾರ.